ಗವಿಮಠದ ಶಾಸನವೂ ಯಂತ್ರದ ಓದೂ

ವಿಶ್ವವಿದ್ಯಾನಿಲಯದ ಪಾಠಪ್ರವಚನಗಳಲ್ಲಿ ಯಂತ್ರಸಾಧನಗಳ ಬಳಕೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಸ್ತುತಿಯಲ್ಲಿಯೋ ನಿಂದೆಯಲ್ಲಿಯೋ ಪರ್ಯವಸಾನವಾಗುತ್ತದೆ. ಇತಿಹಾಸದ ಅಧ್ಯಾಪಕನಿಗೆ ಎರಡರಿಂದಲೂ ಪ್ರಯೋಜನವಿಲ್ಲ. ಆದಕಾರಣ ಒಂದೇ ನಿದರ್ಶನವನ್ನೆತ್ತಿಕೊಂಡು ಪರಿಶೀಲಿಸುವುದು ಲೇಸು.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಮರುವರ್ಷ ಆರ್. ಎಲ್. ಟರ್ನರ್ ಅವರ ಸಂಪಾದನೆ ಹೈದರಾಬಾದು ಪ್ರಾಕ್ತನ ಮಾಲೆಯಲ್ಲಿ ಪ್ರಕಟವಾಯಿತು. ಇಂಥ ಸಂಪುಟಗಳನ್ನು ಕಾಣಲು ಹಿಂದೆ ದೊಡ್ಡ ನಗರಗಳ ಗ್ರಂಥಭಂಡಾರಗಳಿಗೇ ಹೋಗಬೇಕಾಗಿತ್ತು. ಇಂದು ಇರಕಲ್ಲಗಡದ ವಿದ್ಯಾರ್ಥಿಯೂ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳನ್ನು ಮೊಬೈಲಿನಲ್ಲಿ ತೆರೆದು ಓದಬಲ್ಲನು. ಇದನ್ನು ಹಗುರಾಗಿ ಕಾಣುವವರು ಗ್ರಂಥಭಂಡಾರದ ನೆರಳಿನಲ್ಲಿಯೇ ಬೆಳೆದವರಿರಬೇಕು.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಗವಿಮಠದ ಪಾಠದಲ್ಲಿ ‘ಅಶೋಕ’ ಎಂಬ ಹೆಸರೇ ಇಲ್ಲ. ‘ದೇವಾನಂಪಿಯ’ ಎಂಬ ಬಿರುದು ಮಾತ್ರ ಇದೆ. ಈ ಬಿರುದಿನವನು ಸಿಂಹಳದ ಅರಸನಿರಬೇಕೆಂದು ಪ್ರಿನ್ಸೆಪ್ ಅವರು ಮೊದಲಿಗೆ ಊಹಿಸಿದ್ದರು. 1837ರಲ್ಲಿ ಜಾರ್ಜ್ ಟರ್ನೌರ್ ಅವರು ಪಾಳಿ ಗ್ರಂಥಗಳ ನೆರವಿನಿಂದ ಅವನನ್ನು ಅಶೋಕನೆಂದು ಗುರುತಿಸಿದರು. ಹೆಸರೂ ಬಿರುದೂ ಒಂದೆಡೆ ದೊರೆತುದು 1915ರಲ್ಲಿ, ಮಸ್ಕಿಯ ಬಂಡೆಯ ಮೇಲೆ. ಈ ತರ್ಕಸರಣಿಯೇ ನಮ್ಮ ತರಗತಿಯ ನಿಜವಾದ ಪಾಠ. 2022ರ ಕೊನೆಯಿಂದ ಬಳಕೆಗೆ ಬಂದ ಚಾಟ್‌ಜಿಪಿಟಿಯಂಥ ಸಾಧನಗಳು ಕೇಳಿದೊಡನೆ ಸಾರಾಂಶವನ್ನೊಪ್ಪಿಸುತ್ತವೆ. ಅದರಲ್ಲಿ ‘ಅಶೋಕನು ಹೇಳುತ್ತಾನೆ’ ಎಂದಿದ್ದರೆ, ಕಲ್ಲಿನ ಮೇಲೆಯೇ ಹಾಗಿದೆಯೆಂದು ವಿದ್ಯಾರ್ಥಿ ನಂಬುವನು. ಉತ್ತರ ಸರಿಯಾಗಿಯೇ ಇರುತ್ತದೆ. ಉತ್ತರಕ್ಕೆ ಬಂದ ದಾರಿ ಮಾತ್ರ ಮಾಯವಾಗಿರುತ್ತದೆ.

ಪಾಲ್ಕಿಗುಂಡಿನದು ಇನ್ನೂ ಸೂಕ್ಷ್ಮ. ಅಲ್ಲಿಯ ಶಾಸನ ಬಹುಭಾಗ ಸವೆದಿದೆ. ಅಳಿದುದನ್ನು ಇತರ ಪ್ರತಿಗಳಿಂದ ಊಹಿಸಬೇಕು. ಊಹಾಪಾಠವನ್ನು ಕಂಸದೊಳಗಿರಿಸುವುದು ಸಂಪಾದಕರ ಶಿಸ್ತು. ಪಾಠವು ಒಂದು ಪರದೆಯಿಂದ ಮತ್ತೊಂದಕ್ಕೆ ಸಾಗುವಾಗ ಆ ಕಂಸಗಳು ಉದುರಿದರೆ ಕಲ್ಲು ಯಾವುದು, ಪಂಡಿತ ಯಾರು ಎಂಬುದೇ ತಿಳಿಯದು.

ಪರೀಕ್ಷೆಯ ಗೈಡುಗಳೂ ಇದನ್ನೇ ಮಾಡುತ್ತಿದ್ದವಲ್ಲವೆ ಎಂದು ಕೇಳಬಹುದು. ಮಾಡುತ್ತಿದ್ದವು. ಆದರೆ ಓದುವವನಿಗೆ ತನ್ನ ಕೈಯಲ್ಲಿರುವುದು ಗೈಡೆಂಬ ಅರಿವಿತ್ತು.

ಯಂತ್ರವನ್ನು ತರಗತಿಯಿಂದ ಹೊರಗಟ್ಟುವ ಮಾತು ಈಗ ನಿರರ್ಥಕ. ಬದಲಾಗಿ, ಶಿಲೆಯ ಛಾಯಾಚಿತ್ರ, ಅಚ್ಚಾದ ಪಾಠ, ಯಂತ್ರದ ಸಾರಾಂಶ, ಈ ಮೂರನ್ನೂ ಎದುರಿಗಿಟ್ಟು ವ್ಯತ್ಯಾಸಗಳನ್ನು ಬರೆಯಿರೆಂದು ಎಂ.ಎ. ವಿದ್ಯಾರ್ಥಿಗಳಿಗೆ ವಿಧಿಸಬೇಕು, ಆಂತರಿಕ ಅಂಕಗಳು ಅದಕ್ಕೇ ಸಲ್ಲಬೇಕು. ಎರಡು ಬೆಟ್ಟಗಳೂ ಕೊಪ್ಪಳ ಪಟ್ಟಣದ ಮಗ್ಗುಲಲ್ಲಿಯೇ ಇವೆ. ಓರೆಬಿಸಿಲಿನಲ್ಲಿ ಸವೆದ ಅಕ್ಷರವೂ ತುಸು ತೋರುವುದರಿಂದ, ಹೊರಡುವುದಾದರೆ ಬೆಳಗ್ಗೆಯೇ ಹೊರಡುವುದು ಒಳ್ಳೆಯದು.