ಮಿನಿಡಿಸ್ಕ್: ಮೋಹ ಎಷ್ಟು, ಮೌಲ್ಯ ಎಷ್ಟು

ಸೋನಿ ಕಂಪನಿ ತನ್ನ ಕೊನೆಯ ಮಿನಿಡಿಸ್ಕ್ ಕೈಯಂತ್ರದ ರವಾನೆಯನ್ನು 2011ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಮನೆಯಲ್ಲಿಟ್ಟು ಕೇಳುವ ಸೆಟ್ಟುಗಳು 2013ರ ಮಾರ್ಚ್‌ನಲ್ಲಿ ಹೋದವು. ಆದರೆ ಅವುಗಳೊಳಗೆ ಹಾಕುವ ಖಾಲಿ ಡಿಸ್ಕುಗಳನ್ನು ಅದೇ ಕಂಪನಿ 2025ರ ಫೆಬ್ರವರಿಯವರೆಗೂ ತಯಾರಿಸುತ್ತಲೇ ಇತ್ತು. ಯಂತ್ರ ನಿಂತು ಹನ್ನೆರಡು ವರ್ಷ ಕಳೆದರೂ ಖಾಲಿ ಡಿಸ್ಕಿಗೆ ಗಿರಾಕಿಗಳಿದ್ದರು. ಆ ಗಿರಾಕಿಗಳ ಉತ್ಸಾಹ ಇವತ್ತಿಗೂ ತಣ್ಣಗಾಗಿಲ್ಲ. ಹಳೆಯ ಯಂತ್ರಗಳನ್ನು ಹುಡುಕಿ ಕೊಳ್ಳುತ್ತಾರೆ, ಬಿಚ್ಚಿ ರಿಪೇರಿ ಮಾಡುತ್ತಾರೆ, ಹೊಸ ಹಾಡುಗಳನ್ನು ಹಳೆಯ ಡಿಸ್ಕಿಗೆ ತುಂಬುತ್ತಾರೆ. ಈ ಉತ್ಸಾಹದಲ್ಲಿ ಒಂದು ಪಾಲು ಬರೀ ಮೋಹ. ಇನ್ನೊಂದು ಪಾಲು, ತಯಾರಕರು ಮಾಡದೆ ಬಿಟ್ಟ ಕೆಲಸವನ್ನು ಮಾಡಿ ಮುಗಿಸಿದ ಅಪ್ಪಟ ಸೇವೆ. ಎರಡನ್ನೂ ಬೇರ್ಪಡಿಸದೆ ಹೊಗಳಿದರೂ ತಪ್ಪು, ಗೇಲಿ ಮಾಡಿದರೂ ತಪ್ಪು.

ಕನ್ನಡದ ಓದುಗರಲ್ಲಿ ಹೆಚ್ಚಿನವರು ಮಿನಿಡಿಸ್ಕನ್ನು ಕೈಯಲ್ಲಿ ಹಿಡಿದಿರಲಾರರು. ನಮ್ಮಲ್ಲಿ 1990ರ ದಶಕ ಕ್ಯಾಸೆಟ್ಟಿನದು. ಅದು ಹಿಂದೆ ಸರಿಯುವ ಹೊತ್ತಿಗೆ ನೂರಾರು ಹಾಡು ತುಂಬಿದ ಎಂಪಿ3 ಸಿಡಿಗಳು ಬಂದವು, ಅವುಗಳ ಬೆನ್ನಿಗೇ ಮೊಬೈಲು. ಹಾಗಾಗಿ ಇದೇನೆಂದು ಮೊದಲು ಹೇಳಬೇಕು. ಸೋನಿ 1991ರಲ್ಲಿ ಪ್ರಕಟಿಸಿ, 1992ರ ನವೆಂಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಿಟ್ಟ ಮಾಧ್ಯಮವಿದು. 64 ಮಿಲಿಮೀಟರ್ ಅಗಲದ ಪುಟ್ಟ ಡಿಸ್ಕು, ಅದರ ಸುತ್ತ ಅಂಗೈಯಲ್ಲಿ ಅಡಗುವ ಚೌಕಾಕಾರದ ಪ್ಲಾಸ್ಟಿಕ್ ಕವಚ, ಕವಚಕ್ಕೊಂದು ಲೋಹದ ಜಾರುಬಾಗಿಲು. ಡಿಸ್ಕಿಗೆ ಬೆರಳು ತಾಗುವುದಿಲ್ಲ, ಗೀರು ಬೀಳುವುದಿಲ್ಲ. ಕಂಪನಿಗಳು ಅಚ್ಚುಹಾಕಿ ಮಾರಿದ ಆಲ್ಬಮ್ಮುಗಳು ಒಳಗೆ ಸಿಡಿಯಂತೆಯೇ. ಆದರೆ ನಾವೇ ತುಂಬಿಕೊಳ್ಳುವ ಖಾಲಿ ಡಿಸ್ಕಿನ ಕೆಲಸದ ರೀತಿಯೇ ಬೇರೆ. ಒಂದು ಬದಿಯಿಂದ ಲೇಸರ್ ಕಿರಣ ಡಿಸ್ಕಿನ ಒಂದು ಚುಕ್ಕೆಯನ್ನು ಸುಮಾರು 180 ಡಿಗ್ರಿಗೆ ಕಾಯಿಸುತ್ತದೆ. ಆ ಬಿಸಿಯಲ್ಲಿ ಅಲ್ಲಿನ ಲೋಹಪದರ ತನ್ನ ಕಾಂತದಿಕ್ಕನ್ನು ಮರೆಯುತ್ತದೆ. ಇನ್ನೊಂದು ಬದಿಯ ಕಾಂತದ ತಲೆ ಅದಕ್ಕೆ ಹೊಸ ದಿಕ್ಕು ಕೊಡುತ್ತದೆ. ಆರಿದ ಮೇಲೆ ಆ ದಿಕ್ಕೇ ಉಳಿಯುತ್ತದೆ. ಓದುವಾಗ ಅದೇ ಲೇಸರ್ ಮಂದವಾಗಿ ಬಿದ್ದು, ಮರಳಿ ಬರುವ ಬೆಳಕಿನ ವಾಲಿಕೆಯಿಂದ ದಿಕ್ಕನ್ನು ಗುರುತಿಸುತ್ತದೆ. ಒಂದೇ ಡಿಸ್ಕಿನ ಮೇಲೆ ಹತ್ತು ಲಕ್ಷ ಸಲ ಬರೆಯಬಹುದು ಎಂಬುದು ಸೋನಿಯ ಘೋಷಣೆಯಾಗಿತ್ತು. ಎಳೆದಷ್ಟೂ ಸವೆಯುವ ಟೇಪಿನ ಎದುರು ಇದು ಸಣ್ಣ ಮಾತಲ್ಲ.

ಅಭಿಮಾನಿಗಳ ಬಾಯಲ್ಲಿ ಹೆಚ್ಚು ಕೇಳುವ ವಾದ ಧ್ವನಿಯ ಗುಣದ್ದು. ಮಿನಿಡಿಸ್ಕಿನ ದನಿಯಲ್ಲಿ ಒಂದು ಬೆಚ್ಚನೆಯ ಗುಣವಿದೆ, ಈಗಿನ ಫೋನುಗಳಲ್ಲಿ ಅದಿಲ್ಲ ಎನ್ನುತ್ತಾರೆ. ಈ ವಾದ ನಿಲ್ಲುವುದಿಲ್ಲ. ಸಿಡಿಯಲ್ಲಿ ಧ್ವನಿ ಸೆಕೆಂಡಿಗೆ 1411 ಕಿಲೊಬಿಟ್ ಲೆಕ್ಕದಲ್ಲಿ ಹರಿದರೆ, ಮಿನಿಡಿಸ್ಕಿನಲ್ಲಿ ಅದು 292ಕ್ಕೆ ಇಳಿಯುತ್ತದೆ. ಐದರಲ್ಲಿ ಒಂದು ಪಾಲು ಉಳಿಸಿ ನಾಲ್ಕು ಪಾಲು ಬಿಟ್ಟುಬಿಡುವ ಅಟ್ರಾಕ್ ಎಂಬ ತಂತ್ರವಿದು. ಧ್ವನಿಯನ್ನು ಮೂರು ಶ್ರೇಣಿಗಳಾಗಿ ಒಡೆದು, ಜೋರಿನ ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳನ್ನು ಅದು ಕೈಬಿಡುತ್ತದೆ. ತತ್ತ್ವದಲ್ಲಿ ಇದು ಎಂಪಿ3ಯ ದಾಯಾದಿಯೇ. ಮೊದಲ ವರ್ಷಗಳ ಯಂತ್ರಗಳಲ್ಲಿ ಕೊರತೆ ಕಿವಿಗೆ ಗೊತ್ತಾಗುತ್ತಿತ್ತು. ಮುಂದಿನ ತಲೆಮಾರುಗಳಲ್ಲಿ ಅದು ಸಿಡಿಯಿಂದ ಬೇರೆ ಮಾಡಿ ಹೇಳಲಾಗದಷ್ಟು ಸುಧಾರಿಸಿತು. 2000ದಲ್ಲಿ ಬಂದ ದೀರ್ಘಾವಧಿ ವಿಧಾನಗಳಲ್ಲಿ, ಅದರಲ್ಲೂ ಸೆಕೆಂಡಿಗೆ 66 ಕಿಲೊಬಿಟ್ಟಿನ ವಿಧಾನದಲ್ಲಿ, ತಾಳದ ಝಣತ್ಕಾರ ನೀರಿನಲ್ಲಿ ಅದ್ದಿದಂತೆ ಕೇಳುತ್ತದೆ. ಒಟ್ಟಿನಲ್ಲಿ ಧ್ವನಿ ಚೆನ್ನಾಗಿತ್ತು ಎನ್ನಬಹುದು, ಅಷ್ಟೇ. ಬೆಚ್ಚನೆಯ ಗುಣ ಇರುವುದು ಕೇಳುವವರ ನೆನಪಿನಲ್ಲಿ.

ಮಿನಿಡಿಸ್ಕಿನ ನಿಜವಾದ ಸಾಧನೆಯನ್ನು ನೋಡಬೇಕಾದದ್ದು ಮುದ್ರಿಸಿದ್ದನ್ನು ತಿದ್ದುವ ಸೌಲಭ್ಯದಲ್ಲಿ. ಪ್ರತಿ ಡಿಸ್ಕಿನಲ್ಲೂ ಯಾವ ತುಣುಕು ಎಲ್ಲಿದೆ, ಅದರ ಹೆಸರೇನು ಎಂಬ ವಿವರಪಟ್ಟಿಯೊಂದು ಇರುತ್ತದೆ. ಅಭಿಮಾನಿಗಳು ಅದನ್ನು ಟಿಒಸಿ ಎನ್ನುತ್ತಾರೆ. ಒಂದು ತುಣುಕನ್ನು ಎರಡಾಗಿ ಒಡೆಯುವುದು, ಎರಡನ್ನು ಕೂಡಿಸುವುದು, ಏಳನೆಯದನ್ನು ಎರಡನೆಯ ಜಾಗಕ್ಕೆ ತರುವುದು, ಬೇಡದ್ದನ್ನು ಅಳಿಸುವುದು, ಹೆಸರಿಡುವುದು, ಎಲ್ಲವೂ ಈ ಪಟ್ಟಿಯಲ್ಲೇ ನಡೆಯುತ್ತವೆ. ಶಾನುಭೋಗರ ಖಾತೆಯಲ್ಲಿ ಹೆಸರು ಬದಲಾದರೂ ಹೊಲ ಇದ್ದಲ್ಲೇ ಇರುವಂತೆ, ಧ್ವನಿ ಡಿಸ್ಕಿನ ಮೇಲೆ ಬರೆದಲ್ಲೇ ಇರುತ್ತದೆ, ಲೆಕ್ಕ ಮಾತ್ರ ಬದಲಾಗುತ್ತದೆ. ಕ್ಯಾಸೆಟ್ಟಿನಲ್ಲಿ ಹಾಡಿನ ಜಾಗ ಬದಲಿಸಬೇಕಾದರೆ ಇಡೀ ಟೇಪನ್ನು ಮತ್ತೆ ಮುದ್ರಿಸಬೇಕಿತ್ತು. ಇಲ್ಲಿ ಬಸ್ಸಿನಲ್ಲಿ ಕೂತು, ಕಂಪ್ಯೂಟರಿನ ಹಂಗಿಲ್ಲದೆ, ನಾಲ್ಕು ಗುಂಡಿಗಳಲ್ಲಿ ಕೆಲಸ ಮುಗಿಯುತ್ತಿತ್ತು. 1990ರ ದಶಕದ ನಡುವಿನಲ್ಲಿ ಸಾಮಾನ್ಯರ ಜೇಬಿಗೆ ಈ ಶಕ್ತಿಯನ್ನು ಕೊಟ್ಟ ಇನ್ನೊಂದು ಸಾಧನ ಇರಲಿಲ್ಲ.

ಅಪಾಯವೂ ಇದೇ ಪಟ್ಟಿಯಲ್ಲಿತ್ತು. ಮುದ್ರಣ ನಿಲ್ಲಿಸಿದ ಮೇಲೆ ಯಂತ್ರ ಪಟ್ಟಿಯನ್ನು ಬರೆಯುವಾಗ ಪರದೆಯ ಮೇಲೆ ‘ಟಿಒಸಿ ಎಡಿಟ್’ ಎಂಬ ಅಕ್ಷರಗಳು ಮಿನುಗುತ್ತವೆ. ಆ ಕ್ಷಣದಲ್ಲಿ ಬ್ಯಾಟರಿ ಕೈಕೊಟ್ಟರೆ ಒಂದು ಗಂಟೆಯ ಸಂದರ್ಶನ ಡಿಸ್ಕಿನಲ್ಲಿ ಇದ್ದೂ ಇಲ್ಲದಂತಾಗುತ್ತದೆ. ಆದರೂ ರೇಡಿಯೊ ವರದಿಗಾರರು, ಬೀದಿಯ ಸದ್ದು ಹಿಡಿಯುವವರು, ತಾಲೀಮಿನ ಕೋಣೆಯ ಸಂಗೀತಗಾರರು ಇದನ್ನು ನೆಚ್ಚಿದರು. ಮುದ್ರಿಸುತ್ತಿರುವಾಗಲೇ ಗುಂಡಿ ಒತ್ತಿ ಗುರುತು ಹಾಕಿಕೊಂಡರೆ ಬೇಕಾದ ಮಾತಿಗೆ ಆಮೇಲೆ ನೇರವಾಗಿ ಹಾರಬಹುದಿತ್ತು. ನಾಟಕದ ಧ್ವನಿ ನಿರ್ವಾಹಕರಿಗೆ ಒಂದು ಸದ್ದು ಮುಗಿದೊಡನೆ ತಾನೇ ನಿಂತು ಮುಂದಿನದಕ್ಕೆ ಸಿದ್ಧವಾಗುವ ಡೆಕ್ಕುಗಳು ವರವಾದವು.

ಜಪಾನಿನಲ್ಲಿ ಇದು ಬೇರೂರಿದ್ದಕ್ಕೆ ಬೇರೊಂದು ಕಾರಣವಿದೆ. ಸಿಡಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಅಲ್ಲಿ ಊರೂರಿನಲ್ಲಿದ್ದವು. ಹೊಸ ಸಿಡಿ ಅಲ್ಲಿ ದುಬಾರಿ, ಬಾಡಿಗೆ ಅಗ್ಗ. ಸಂಜೆ ತಂದು, ಮಿನಿಡಿಸ್ಕಿಗೆ ಇಳಿಸಿಕೊಂಡು, ಸಿಡಿ ಹಿಂತಿರುಗಿಸುವುದು ಒಂದು ತಲೆಮಾರಿನ ಯುವಕರ ರೂಢಿಯಾಯಿತು. ಯೂರೋಪ್, ಅಮೆರಿಕಗಳಲ್ಲಿ ಇಂಥ ಬಾಡಿಗೆ ವ್ಯವಸ್ಥೆ ಇರಲಿಲ್ಲ. ಜೊತೆಗೆ 1992ರಲ್ಲೇ ಫಿಲಿಪ್ಸ್ ತನ್ನ ಡಿಜಿಟಲ್ ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು ಎದುರಾಳಿಯಾಗಿ ಇಳಿಸಿತ್ತು. ಅದು 1996ರಲ್ಲಿ ಮಾರುಕಟ್ಟೆ ಬಿಟ್ಟಿತು, ಆದರೆ ಅಷ್ಟರಲ್ಲಿ ಗಿರಾಕಿಗಳ ಗೊಂದಲ ತನ್ನ ಕೆಲಸ ಮಾಡಿತ್ತು. 2001ರ ಅಕ್ಟೋಬರಿನಲ್ಲಿ ಐಪಾಡ್ ಬಂದ ಮೇಲೆ ಉಳಿದದ್ದು ಇಳಿಜಾರು.

ಐಪಾಡೇ ಮಿನಿಡಿಸ್ಕನ್ನು ಕೊಂದಿತು ಎಂಬ ಕಥೆಯನ್ನು ಅಭಿಮಾನಿಗಳೂ ವಿರೋಧಿಗಳೂ ಒಟ್ಟಿಗೆ ಹೇಳುತ್ತಾರೆ. ಅದು ಅರ್ಧ ಸತ್ಯ. ಸೋನಿ 1988ರಲ್ಲಿ ಸಿಬಿಎಸ್ ರೆಕಾರ್ಡ್ಸ್ ಕೊಂಡು ಸಂಗೀತದ ಮಾಲೀಕನೂ ಆಗಿತ್ತು. ಒಂದು ಕೈ ಮುದ್ರಿಸುವ ಯಂತ್ರ ಮಾರುತ್ತಿದ್ದರೆ ಇನ್ನೊಂದು ಕೈ ನಕಲಿಗೆ ಹೆದರುತ್ತಿತ್ತು. ಡಿಜಿಟಲ್ ನಕಲಿನಿಂದ ಮತ್ತೊಂದು ಡಿಜಿಟಲ್ ನಕಲು ತೆಗೆಯಲಾಗದಂತೆ ಮೊದಲೇ ಬೀಗವಿತ್ತು. 2001ರ ನೆಟ್‌ಎಂಡಿ ಯಂತ್ರಗಳು ಕಂಪ್ಯೂಟರಿಗೆ ತಂತಿಯಿಂದ ಜೋಡಿಸುವ ಸೌಲಭ್ಯ ತಂದವು, ಆದರೆ ಅದು ಒಂದೇ ದಾರಿ: ಕಂಪ್ಯೂಟರಿನಿಂದ ಡಿಸ್ಕಿಗೆ ಮಾತ್ರ. ನೀವು ಮೈಕ್ ಹಿಡಿದು ಮುದ್ರಿಸಿದ ನಿಮ್ಮ ಅಜ್ಜಿಯ ಮಾತನ್ನೂ ಆ ತಂತಿಯಿಂದ ಹೊರತರುವಂತಿರಲಿಲ್ಲ. 74 ನಿಮಿಷದ ಧ್ವನಿಯನ್ನು ಹೆಡ್‌ಫೋನ್ ತೂತಿನ ಮೂಲಕ 74 ನಿಮಿಷ ನುಡಿಸಿಯೇ ಕಂಪ್ಯೂಟರಿಗೆ ಇಳಿಸಬೇಕಿತ್ತು. ಕದ್ದ ಹಾಡನ್ನೂ ಸ್ವಂತ ಧ್ವನಿಯನ್ನೂ ಒಂದೇ ಅನುಮಾನದಿಂದ ನೋಡಿದ ಈ ನೀತಿ, ಮುದ್ರಿಸುವುದಕ್ಕೆಂದೇ ಹುಟ್ಟಿದ ಮಾಧ್ಯಮಕ್ಕೆ ತಾನೇ ಹಾಕಿಕೊಂಡ ಬೇಡಿ. 2004ರಲ್ಲಿ ಒಂದು ಗಿಗಾಬೈಟ್ ಹಿಡಿಸುವ ಹೈ-ಎಂಡಿ ಬಂದು ಸ್ವಂತ ಮುದ್ರಣವನ್ನು ಹೊರತೆಗೆಯಲು ಬಿಟ್ಟಿತು. 2006ರ ಎಂಜೆಡ್-ಆರ್‌ಎಚ್1 ಯಂತ್ರ ಹಳೆಯ ಡಿಸ್ಕುಗಳ ಸ್ವಂತ ಮುದ್ರಣಗಳನ್ನೂ ಕಂಪ್ಯೂಟರಿಗೆ ಕೊಡತೊಡಗಿತು. ಹದಿನಾಲ್ಕು ವರ್ಷ ತಡವಾಗಿ ಬಂದ ಈ ಔದಾರ್ಯಕ್ಕೆ ಆಗ ಮಾರುಕಟ್ಟೆಯೇ ಉಳಿದಿರಲಿಲ್ಲ.

ಅಭಿಮಾನಿಗಳ ಉತ್ಸಾಹ ಬೆಲೆ ಪಡೆಯುವುದು ಇಲ್ಲಿಂದ ಮುಂದೆ. ಹವ್ಯಾಸಿ ಪ್ರೋಗ್ರಾಮರುಗಳು ಯಾರ ಸಂಬಳವೂ ಇಲ್ಲದೆ ನೆಟ್‌ಎಂಡಿಯ ಭಾಷೆಯನ್ನು ಬಿಡಿಸಿ ಓದಿದರು. ಸೋನಿಯ ತೊಡಕಿನ ಸಾಫ್ಟ್‌ವೇರ್ ಬೇಡದೆ, ಸಾದಾ ಬ್ರೌಸರಿನಿಂದಲೇ ಡಿಸ್ಕಿಗೆ ಹಾಡು ಕಳಿಸುವ ಮುಕ್ತ ತಂತ್ರಾಂಶಗಳನ್ನು ಬರೆದರು. ಮುಂದೆ, ಕೆಲವು ನೆಟ್‌ಎಂಡಿ ಯಂತ್ರಗಳ ಒಳಗಿನ ಕಾರ್ಯಕ್ರಮದ ಬಿರುಕುಗಳನ್ನು ಹುಡುಕಿ, ಹೊರದಾರಿಯೇ ಇಲ್ಲದ ಆ ಯಂತ್ರಗಳಿಂದಲೂ ಮುದ್ರಣವನ್ನು ಇದ್ದಂತೆಯೇ ಹೊರತೆಗೆದರು. ಬೇರೆ ಡಿಸ್ಕಿನ ವಿವರಪಟ್ಟಿಯನ್ನು ಹಾಳಾದ ಡಿಸ್ಕಿಗೆ ಅಂಟಿಸಿ, ಪಟ್ಟಿ ಕಳೆದುಕೊಂಡ ಧ್ವನಿಯನ್ನು ಮರಳಿ ಪಡೆಯುವ ಉಪಾಯವೂ ಅವರ ನಡುವೆ ಬಳಕೆಯಲ್ಲಿದೆ. ಇದನ್ನು ಹಳೆಯ ವಸ್ತುವಿನ ಹಂಬಲ ಎಂದು ತಳ್ಳಿಹಾಕುವವರು ಈ ಕೆಲಸವನ್ನು ಹತ್ತಿರದಿಂದ ನೋಡಿಲ್ಲ.

ಇಂಥ ಡಿಸ್ಕುಗಳಲ್ಲಿ ಏನಿರಬಹುದು ಎಂಬುದಕ್ಕೆ ಪ್ರಸಿದ್ಧ ಸಾಕ್ಷಿಯೊಂದಿದೆ. ಇಂಗ್ಲೆಂಡಿನ ರೇಡಿಯೊಹೆಡ್ ತಂಡದ ಥಾಮ್ ಯಾರ್ಕ್ 1990ರ ದಶಕದ ನಡುವಿನಲ್ಲಿ ತುಂಬಿಸಿಟ್ಟ ಮಿನಿಡಿಸ್ಕುಗಳ ಧ್ವನಿ 2019ರಲ್ಲಿ ಕಳವಾಗಿ ಹೊರಬಿತ್ತು. ತಂಡ ಹೆದರಿ ಮುಚ್ಚಿಡಲಿಲ್ಲ. ಆ ಜೂನ್‌ನಲ್ಲಿ ಸುಮಾರು 18 ಗಂಟೆಗಳ ಆ ರಾಶಿಯನ್ನು ತಾನೇ 18 ಪೌಂಡಿಗೆ ಮಾರಿ, ಬಂದ ಹಣವನ್ನು ಹವಾಮಾನ ಚಳವಳಿಯೊಂದಕ್ಕೆ ಕೊಟ್ಟಿತು. ಅರ್ಧ ಹಾಡು, ತಪ್ಪಿದ ಸಾಲು, ಕೋಣೆಯ ಮಾತು: ಸಿದ್ಧ ಆಲ್ಬಮ್ಮಿನಲ್ಲಿ ಎಂದೂ ಸಿಗದ ಹುಡುಕಾಟದ ಜಾಡು ಅಲ್ಲಿತ್ತು. ಮಿನಿಡಿಸ್ಕ್ ಹೆಚ್ಚು ಚೆನ್ನಾಗಿ ಹಿಡಿದದ್ದು ಇಂಥ ಸಿದ್ಧವಾಗದ ಸಂಗತಿಗಳನ್ನೇ.

ಇದೇ ಕಾರಣಕ್ಕೆ ಈ ಉತ್ಸಾಹದ ಮೇಲೆ ನನ್ನ ಗಟ್ಟಿ ಆಕ್ಷೇಪವೂ ಇದೆ. ಹೊಸ ಖಾಲಿ ಡಿಸ್ಕುಗಳ ಮೂಲ ಬತ್ತಿದ ಮೇಲೆ ಅಭಿಮಾನಿಗಳ ಕಣ್ಣು ಬಳಸಿದ ಡಿಸ್ಕುಗಳ ಮೇಲೆ ಬಿದ್ದಿದೆ. ಜಪಾನಿನ ಹರಾಜುಗಳಿಂದ ಕೈಬರಹದ ಚೀಟಿಗಳಿರುವ ಡಿಸ್ಕುಗಳು ಕಟ್ಟುಕಟ್ಟಾಗಿ ಬರುತ್ತವೆ. ಚೀಟಿ ಕಿತ್ತು, ಎಲ್ಲ ಅಳಿಸಿ, ಇಂದಿನ ಹಾಡು ತುಂಬುವುದು ಹಲವರ ವಾಡಿಕೆ. ಅವುಗಳಲ್ಲಿ ಬಹುಪಾಲು ಬಾಡಿಗೆ ಸಿಡಿಯ ನಕಲುಗಳೇ ಇರಬಹುದು, ಅವು ಹೋದರೆ ಲೋಕಕ್ಕೆ ನಷ್ಟವಿಲ್ಲ. ಆದರೆ ನಡುವೆ ಒಂದು ಎಫ್‌ಎಂ ಪ್ರಸಾರ, ಶಾಲೆಯ ಗಾಯನ, ಮನೆಯ ಹಿರಿಯರ ಮಾತು ಇದ್ದರೆ ಅದಕ್ಕೆ ಎರಡನೆಯ ಪ್ರತಿ ಇರಲಾರದು. ಹತ್ತು ಲಕ್ಷ ಸಲ ಬರೆಯಬಹುದೆಂಬ ಗುಣ ಇಲ್ಲಿ ದೋಷವಾಗುತ್ತದೆ. ಮಾಧ್ಯಮವನ್ನು ಪ್ರೀತಿಸುವವರೇ ಅದರೊಳಗಿನದನ್ನು ಅಳಿಸುವ ಈ ವೈರುಧ್ಯವನ್ನು ಅವರಲ್ಲಿ ಹೆಚ್ಚಿನವರು ಎದುರಿಸಿಲ್ಲ. ಕಪಾಟಿನಲ್ಲಿ ಬಣ್ಣಬಣ್ಣದ ಯಂತ್ರಗಳ ಸಾಲು ಜೋಡಿಸಿ ಫೋಟೊ ತೆಗೆಯುವ ಸಂಗ್ರಾಹಕರನ್ನಂತೂ ಬಿಡಿ, ಅವರಿಗೆ ಡಿಸ್ಕು ಒಂದು ಅಲಂಕಾರ.

ಕಾಲವೂ ಇವರ ಪರವಾಗಿಲ್ಲ. ಡಿಸ್ಕು ಬಾಳುತ್ತದೆ, ಯಂತ್ರ ಬಾಳುವುದಿಲ್ಲ. ಲೇಸರ್ ಮಂಕಾಗುತ್ತದೆ, ಮುದ್ರಿಸುವ ತಲೆಯ ತೆಳು ಪಟ್ಟಿ ತುಂಡಾಗುತ್ತದೆ, ಚೂಯಿಂಗ್ ಗಮ್ ಪಟ್ಟಿಯಾಕಾರದ ಬ್ಯಾಟರಿಗಳು ಸೋರುತ್ತವೆ. ಎಲ್ಲಕ್ಕಿಂತ ಬೇಕಾದ ಆರ್‌ಎಚ್1ರ ಪರದೆಯೇ ವರ್ಷದಿಂದ ವರ್ಷಕ್ಕೆ ಓದಲಾಗದಷ್ಟು ಮಸುಕಾಗುತ್ತದೆ. ರಿಪೇರಿ ಬಲ್ಲವರು ಒಂದರ ಅಂಗ ಇನ್ನೊಂದಕ್ಕೆ ಹಾಕಿ ಬದುಕಿಸುತ್ತಿದ್ದಾರೆ. ಇದೂ ಲೆಕ್ಕದ ದಿನಗಳ ಆಟ. ಹಾಗಿರುವಾಗ ಕೆಲಸ ಮಾಡುವ ಒಂದು ಯಂತ್ರದ ಆಯುಸ್ಸನ್ನು ಈಗಾಗಲೇ ಫೋನಿನಲ್ಲಿರುವ ಹಾಡನ್ನು ಡಿಸ್ಕಿಗೆ ತುಂಬುವುದಕ್ಕೆ ಸವೆಸಬೇಕೆ, ಬೇರೆಲ್ಲೂ ಇಲ್ಲದ ಧ್ವನಿಯನ್ನು ಹೊರತೆಗೆಯಲು ಬಳಸಬೇಕೆ ಎಂಬ ಪ್ರಶ್ನೆಗೆ ಉತ್ತರ ಒಂದೇ.

ಈ ಮಾತು ನಮಗೆ ದೂರದ್ದಲ್ಲ. ಮಿನಿಡಿಸ್ಕ್ ನಮ್ಮಲ್ಲಿ ಬೇರೂರಲಿಲ್ಲ ನಿಜ. ಆದರೆ ಯಕ್ಷಗಾನದ ಇಡೀ ರಾತ್ರಿಯನ್ನು, ಹರಿಕಥೆಯನ್ನು, ಮದುವೆ ಮನೆಯ ಸೋಬಾನೆಯನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟವರು ನಮ್ಮ ಊರುಗಳಲ್ಲಿ ಇದ್ದರು. ಅದೇ ಕ್ಯಾಸೆಟ್ಟಿನ ತೂತಿಗೆ ಕಾಗದ ತುರುಕಿ ಹೊಸ ಸಿನಿಮಾ ಹಾಡು ತುಂಬಿಕೊಂಡವರೂ ಇದ್ದರು. ಈಗ ಕ್ಯಾಸೆಟ್ಟಿನ ಮೇಲೂ ಹೊಸ ಮೋಹ ಹುಟ್ಟಿದೆ, ಪ್ಲೇಯರುಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಮಿನಿಡಿಸ್ಕಿಗೆ ಹಿಡಿದ ಅಳತೆಗೋಲನ್ನೇ ಅಲ್ಲಿಯೂ ಹಿಡಿಯಬೇಕು. ಎಷ್ಟು ಯಂತ್ರ ಕೂಡಿಸಿದಿರಿ ಎನ್ನುವುದಲ್ಲ, ಎಷ್ಟು ಧ್ವನಿಯನ್ನು ಹೊರತೆಗೆದು, ಯಾರದ್ದು, ಎಲ್ಲಿಯದು, ಯಾವಾಗಿನದು ಎಂದು ಬರೆದಿಟ್ಟು ನಾಲ್ಕು ಜನ ಕೇಳುವಂತೆ ಮಾಡಿದಿರಿ ಎಂಬುದು ಉತ್ಸಾಹದ ಪರೀಕ್ಷೆ. ಬೀಗ ಒಡೆದ ಪ್ರೋಗ್ರಾಮರುಗಳೂ ಯಂತ್ರ ಬದುಕಿಸುವ ರಿಪೇರಿಯವರೂ ಈ ಪರೀಕ್ಷೆಯಲ್ಲಿ ಗೆದ್ದಿದ್ದಾರೆ. ಕೇಳದೆ ಅಳಿಸುವವರು ಸೋತಿದ್ದಾರೆ, ಅವರ ಪ್ರೀತಿ ಎಷ್ಟೇ ಪ್ರಾಮಾಣಿಕವಾಗಿರಲಿ.