ಪತ್ತೇದಾರಿ ಕಾದಂಬರಿಯೂ ಎನ್. ನರಸಿಂಹಯ್ಯನವರೂ

ಗೂಢಚಾರರ ಕಥೆಯು ಪಾಶ್ಚಾತ್ಯರಿಂದ ಬಂದ ಸರಕೆಂಬುದು ವಿದ್ಯಾವಂತರಲ್ಲಿ ಅನೇಕರ ಎಣಿಕೆ. ಆದರೆ ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿಯೇ ಕಾಪಟಿಕ, ಉದಾಸ್ಥಿತ, ತಾಪಸ ಮೊದಲಾದ ಗೂಢಪುರುಷರನ್ನು ವಿಂಗಡಿಸಿ ಹೇಳಿರುವನು. ವಿಶಾಖದತ್ತನ ಮುದ್ರಾರಾಕ್ಷಸವು ಆದ್ಯಂತವಾಗಿ ಚಾರರ ನಾಟಕ. ಆ ವಸ್ತುವನ್ನೇ ಕೆಂಪುನಾರಾಯಣನು 1823ರಲ್ಲಿ ಮುದ್ರಾಮಂಜೂಷವೆಂಬ ಕನ್ನಡ ಗದ್ಯಗ್ರಂಥವಾಗಿಸಿದನು. ಆದುದರಿಂದ ದಿವಂಗತ ಎನ್. ನರಸಿಂಹಯ್ಯನವರನ್ನು ಪರರ ಅನುಕರಣಕಾರರೆಂದು ಬದಿಗೊತ್ತದೆ, ಈ ಪರಂಪರೆಯ ಒರೆಗಲ್ಲಿಗೆ ಹಚ್ಚಿ ನೋಡುವುದು ನ್ಯಾಯವಾಗಿದೆ.

1925ರಲ್ಲಿ ಜನಿಸಿದ ಇವರಿಗೆ ದೊರೆತ ಶಾಲಾಶಿಕ್ಷಣವು ನಾಲ್ಕನೆಯ ತರಗತಿಯವರೆಗೆ ಮಾತ್ರ. 1952ರಲ್ಲಿ 'ಪತ್ತೇದಾರ ಪುರುಷೋತ್ತಮ'ನು ಹೊರಬಂದನು. 2011ರಲ್ಲಿ ಕಾಲವಾಗುವುದರೊಳಗೆ ಇವರು ಬರೆದ ಕಾದಂಬರಿಗಳು ಐನೂರಕ್ಕೂ ಮಿಕ್ಕಿದವು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬಿವರು ಇವರ ಪತ್ತೇದಾರರು. ಮೊದಲೆರಡು ವಿಷ್ಣುವಿನ ನಾಮಗಳು. ಮೂರನೆಯದಕ್ಕೆ ಶತ್ರುವನ್ನು ಗೆದ್ದವನೆಂದರ್ಥ. ಹೆಸರು ಕೇಳಿದೊಡನೆಯೇ ದುಷ್ಟನಿಗ್ರಹವು ನಿಶ್ಚಯವೆಂಬ ಧೈರ್ಯವು ವಾಚಕನಿಗೆ ಉಂಟಾಗುವುದು.

ಇವರ ಶೈಲಿಯಲ್ಲಿ ಅಲಂಕಾರವಿಲ್ಲ, ದೀರ್ಘಸಮಾಸವಿಲ್ಲ. ವಾಕ್ಯವು ಚಿಕ್ಕದು, ಸಂಭಾಷಣೆಯು ಬಹಳ. ಅಕ್ಷರ ಕಲಿತು ಓದುವ ಅಭ್ಯಾಸವಿಲ್ಲದವನೂ ತಡೆಯದೆ ಮುಂದುವರಿಯಬಲ್ಲನು. ಆಲಂಕಾರಿಕರು ಇದನ್ನೇ ಪ್ರಸಾದಗುಣವೆಂದರಲ್ಲವೆ?

ಇನ್ನು ದೋಷದ ಮಾತು. ಮುದ್ರಾರಾಕ್ಷಸದಲ್ಲಿ ನಿಪುಣಕನು ಯಮಪಟವನ್ನು ಹಿಡಿದು ತಿರುಗಿ ರಾಕ್ಷಸನ ಮುದ್ರೆಯುಂಗುರವನ್ನು ತರುವುದೂ, ಕಪಟಲೇಖವು ಸಿದ್ಧವಾಗುವುದೂ ಪ್ರಥಮಾಂಕದಲ್ಲಿಯೇ ಪ್ರೇಕ್ಷಕರಿಗೆ ಬಯಲಾಗುವುವು. ಆದರೂ ಕುತೂಹಲವು ಕುಂದದು. ಏಕೆಂದರೆ ಅಲ್ಲಿಯ ಪ್ರಶ್ನೆಯು ಅಪರಾಧಿ ಯಾರೆಂಬುದಲ್ಲ. ಮಿತ್ರನಾದ ಚಂದನದಾಸನ ಪ್ರಾಣಕ್ಕಾಗಿ ರಾಕ್ಷಸನು ತನ್ನನ್ನೇ ಒಪ್ಪಿಸಿಕೊಳ್ಳುವನೇ ಎಂಬ ಧರ್ಮಸಂಕಟವೇ ಅಲ್ಲಿಯ ಜೀವಾಳ. ನರಸಿಂಹಯ್ಯನವರಲ್ಲಾದರೋ ಗುಟ್ಟು ರಟ್ಟಾದೊಡನೆ ಗ್ರಂಥದ ಕೆಲಸ ತೀರುವುದು. ಎರಡನೆಯ ಸಲ ಓದುವವನಿಗೆ ಅಲ್ಲಿ ಮನುಷ್ಯಹೃದಯವು ಹೆಚ್ಚಾಗಿ ಕಾಣಸಿಗದು.

ಹೀಗಿದ್ದರೂ ಇಂತಹ ಪುಸ್ತಕಗಳು ಗ್ರಂಥಾಲಯದಲ್ಲಿರಬಾರದೆಂಬ ಪಂಡಿತರ ಮಾತಿಗೆ ನನ್ನ ಸಮ್ಮತಿಯಿಲ್ಲ. ಪಾಠಪುಸ್ತಕದ ಮರೆಯಲ್ಲಿ ಪತ್ತೇದಾರಿಯನ್ನಿಟ್ಟು ಓದುವ ಹುಡುಗರನ್ನು ನಮ್ಮ ನೆಲ್ಯಾಡಿಯ ಕಡೆಯ ಉಪಾಧ್ಯಾಯರೆಲ್ಲರೂ ಬಲ್ಲರು. ಆ ಪುಸ್ತಕವನ್ನು ಕಸಿದುಕೊಂಡವರು ಅದರ ಸ್ಥಳದಲ್ಲಿ ಬೇರೊಂದನ್ನು ಕೈಗಿಟ್ಟುದು ವಿರಳ. ಓದುವ ಹಸಿವನ್ನು ಎಬ್ಬಿಸುವುದು ಗ್ರಂಥಕರ್ತರ ಕೆಲಸವಾಗಿತ್ತು. ಅವರು ಅದನ್ನು ಮಾಡಿದರು. ಎಬ್ಬಿದ ಹಸಿವಿಗೆ ಮುಂದಿನ ತುತ್ತನ್ನು ನೀಡಬೇಕಾದವರು ಉಪಾಧ್ಯಾಯರೂ, ಮನೆಯ ಹಿರಿಯರೂ, ಸಾಹಿತ್ಯ ಸಂಘದವರೂ. ನಾಲ್ಕನೆಯ ತರಗತಿ ಓದಿದ ಒಬ್ಬರು ಇಷ್ಟು ಮಂದಿಗೆ ಕನ್ನಡ ಪುಸ್ತಕವನ್ನು ಹಿಡಿಯಿಸಿದರೆಂಬುದನ್ನು ನೆನೆದು, ನಮ್ಮ ಸಂಘಗಳು ಅವರ ಗ್ರಂಥಗಳ ಪಕ್ಕದಲ್ಲಿಯೇ ಮುದ್ರಾಮಂಜೂಷದ ಒಂದು ಸುಲಭ ಪ್ರತಿಯನ್ನೂ ಇಡುವುದು ಯುಕ್ತ.