ಸೂಜಿ ತಾಕುವ ಮುನ್ನ

1957ರಲ್ಲಿ ಕೊಲಂಬಿಯಾ ಕಂಪನಿ ಮೈಲ್ಸ್ ಡೇವಿಸ್ ಅವರ ‘ಮೈಲ್ಸ್ ಅಹೆಡ್’ ಎಲ್‌ಪಿಯನ್ನು ಹೊರತಂದಾಗ ಕವರಿನ ಮೇಲೆ ಡೇವಿಸ್ ಇರಲಿಲ್ಲ. ಹಾಯಿದೋಣಿಯಲ್ಲಿ ಒಬ್ಬ ಬಿಳಿಯ ಹೆಂಗಸು, ಜೊತೆಗೊಂದು ಮಗು ಇದ್ದರು. ಟ್ರಂಪೆಟ್ ವಾದಕನಾದ ಕರಿಯ ಕಲಾವಿದನಿಗೆ ತನ್ನದೇ ರೆಕಾರ್ಡಿನ ಮೇಲೆ ಜಾಗವಿಲ್ಲ! ಡೇವಿಸ್ ಸುಮ್ಮನಿರಲಿಲ್ಲ. ಮುಂದಿನ ಮುದ್ರಣಗಳಲ್ಲಿ ಅವರ ಫೋಟೊ ಬಂತು. 1961ರ ‘ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್’ ಕವರಿಗೆ ಪತ್ನಿ ಫ್ರಾನ್ಸಿಸ್ ಟೇಲರ್ ಅವರ ಚಿತ್ರವೇ ಬೇಕೆಂದು ಪಟ್ಟು ಹಿಡಿದು ಹಾಕಿಸಿದರು.

ಹನ್ನೆರಡು ಇಂಚಿನ ಆ ರಟ್ಟಿಗಾಗಿ ಇಷ್ಟು ಹೋರಾಟ ಯಾಕೆ? ಸೂಜಿ ತಾಕುವ ಮುನ್ನವೇ ಕಲಾವಿದ ಯಾರು, ಎಂಥವನು ಎಂಬುದನ್ನು ಅದು ಕೇಳುಗನ ಮನಸ್ಸಿನಲ್ಲಿ ಕೂರಿಸಿಬಿಡುತ್ತದೆ.

ಈ ಹೊಣೆಯನ್ನು ಅರಿತು ನಡೆದದ್ದು ನ್ಯೂಯಾರ್ಕಿನ ಪುಟ್ಟ ಜಾಝ್ ಕಂಪನಿ ಬ್ಲೂ ನೋಟ್. 1939ರಲ್ಲಿ ಅದನ್ನು ಕಟ್ಟಿದ ಆಲ್‌ಫ್ರೆಡ್ ಲಯನ್ ಬರ್ಲಿನ್‌ನಿಂದ ಬಂದವರು. ಅವರ ಬಾಲ್ಯದ ಗೆಳೆಯ ಫ್ರಾನ್ಸಿಸ್ ವುಲ್ಫ್ ಧ್ವನಿಮುದ್ರಣ ನಡೆಯುವಾಗಲೇ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದರು. ಹೀಗಾಗಿ ಆ ಫೋಟೊಗಳಲ್ಲಿ ಕಾಣುವವರು ಪೋಸು ಕೊಟ್ಟು ನಕ್ಕವರಲ್ಲ, ಕೆಲಸದಲ್ಲಿ ಮುಳುಗಿದ ವಾದಕರು. ಸುತ್ತ ಕತ್ತಲು, ಮುಖದ ಮೇಲೆ ಮಾತ್ರ ಬೆಳಕು.

1950ರ ದಶಕದ ನಡುವಿನಿಂದ 1967ರವರೆಗೆ ಈ ಫೋಟೊಗಳನ್ನು ಕವರಾಗಿಸಿದವರು ರೀಡ್ ಮೈಲ್ಸ್. ಅವರ ಒಲವು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಡೆಗೆ, ಜಾಝ್ ಅಷ್ಟಾಗಿ ಹಿಡಿಸದು. ರೆಕಾರ್ಡಿನ ಭಾವ ಎಂಥದೆಂದು ಲಯನ್ ವಿವರಿಸಬೇಕಿತ್ತು. ಹಣದ ಕೊರತೆಯಿಂದ ಎಷ್ಟೋ ಕವರುಗಳಿಗೆ ಕಪ್ಪಿನ ಜೊತೆ ಇನ್ನೊಂದೇ ಬಣ್ಣ. ಆ ಬಿಗುವಿನಲ್ಲೇ ರೀಡ್ ಮೈಲ್ಸ್ ಅವರ ಜಾಣ್ಮೆ ಅರಳಿತು. ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ನೋಡಿ. ಇಡೀ ಚಿತ್ರವೇ ನೀಲಿಯಲ್ಲಿ ಅದ್ದಿದೆ. ತಲೆ ಕೊಂಚ ಬಾಗಿದೆ, ಕೈ ತುಟಿಯ ಬಳಿಯಿದೆ. ಯಾರನ್ನೋ ರಂಜಿಸಲು ನಿಂತವನ ಮುಖವಲ್ಲ ಅದು. ಮುಂದಿನ ಸ್ವರವನ್ನು ಯೋಚಿಸುತ್ತಿರುವವನ ಮುಖ. ಕರಿಯ ವಾದಕನನ್ನು ಬರೀ ಮನರಂಜಕನೆಂದು ಕಾಣುತ್ತಿದ್ದ ಅಮೆರಿಕದಲ್ಲಿ ಅವನೊಬ್ಬ ಚಿಂತಕ ಎಂದು ಸಾರುವುದು ಸಣ್ಣ ಮಾತಲ್ಲ.

ಮುಖವೇ ಇಲ್ಲದೆಯೂ ರೀಡ್ ಮೈಲ್ಸ್ ಕಲಾವಿದನನ್ನು ತೋರಿಸಬಲ್ಲರು. ಎರಿಕ್ ಡಾಲ್ಫಿಯವರ ‘ಔಟ್ ಟು ಲಂಚ್’ (1964) ಕವರಿನಲ್ಲಿರುವುದು ಅಂಗಡಿ ಬಾಗಿಲಿನ ಒಂದು ಫಲಕ, ‘ಮತ್ತೆ ಬರುತ್ತೇವೆ’ ಎನ್ನುವ ಗಡಿಯಾರ. ಅದಕ್ಕೆ ಹಲವು ಮುಳ್ಳುಗಳು, ಒಂದೊಂದೂ ಒಂದೊಂದು ಹೊತ್ತನ್ನು ತೋರಿಸುತ್ತವೆ. ನೆಟ್ಟಗಿನ ತಾಳಕ್ಕೆ ಒಗ್ಗದ ಡಾಲ್ಫಿಯ ಸಂಗೀತವನ್ನು ಕೇಳಿದ ಮೇಲೆ ಈ ಚಿತ್ರದ ಮರ್ಮ ತಾನಾಗಿಯೇ ತಿಳಿಯುತ್ತದೆ.

ಇಂದು ಕವರುಗಳು ಮೊಬೈಲ್ ಪರದೆಯಲ್ಲಿ ಹೆಬ್ಬೆರಳಿನಷ್ಟಾಗಿವೆ. ಆದರೂ ಅವನ್ನು ಅಳೆಯುವ ಬಗೆ ಬದಲಾಗಬೇಕಿಲ್ಲ. ಮೊದಲು ಚಿತ್ರ ನೋಡಿ, ಆಮೇಲೆ ಸಂಗೀತ ಕೇಳಿ, ಮತ್ತೆ ಚಿತ್ರ ನೋಡಿ. ಎರಡನೆಯ ನೋಟದಲ್ಲಿ ಅದು ಹೆಚ್ಚು ಹೇಳಿದರೆ ಒಳ್ಳೆಯ ಕವರು. ಬ್ಲೂ ನೋಟ್‌ನ ಹಳೆಯ ಕವರುಗಳು ಈ ಪರೀಕ್ಷೆಯಲ್ಲಿ ಇವತ್ತಿಗೂ ಗೆಲ್ಲುತ್ತವೆ.